ಬಾಂದು ಕಲ್ಲು ಕಿತ್ತ ಸ್ಕೌಟು

ಗಂಜಿ ಹಾಕಿದ ಖಾಕಿ ಬಟ್ಟೆಗೆ ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದಾಗ ಒಂದು ವಾಸನೆ ಏಳುತ್ತದೆ. ಅರ್ಧ ಅನ್ನದ್ದು, ಅರ್ಧ ಸುಟ್ಟದ್ದು. ಈ ಭಾನುವಾರ ಬೆಳಿಗ್ಗೆ ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ, ಆ ವಾಸನೆ ನಡುಮನೆಯಿಂದ ಬಂತು. ವಾರವಿಡೀ ಸೀನಿಯರ್ ವಕೀಲರ ಹಿಂದೆ ಫೈಲು ಹೊತ್ತು ಕೋರ್ಟಿನ ಮೆಟ್ಟಿಲು ಹತ್ತಿಳಿದವನಿಗೆ ಭಾನುವಾರವೆಂದರೆ ಯಾರೂ ಯಾವ ಪ್ರಶ್ನೆಯನ್ನೂ ಕೇಳದ ದಿನವಾಗಿರಬೇಕು. ಆದರೆ ಅಕ್ಕ ತನ್ನ ಮಗ ಪ್ರಶಾಂತನ ಸ್ಕೌಟ್ ಚಡ್ಡಿಗೆ ಇಸ್ತ್ರಿ ಹಾಕುತ್ತಿದ್ದಳು, ಅವನು ನೋಟ್‌ಬುಕ್ ಹಿಡಿದು ನನ್ನ ತಲೆದಿಂಬಿನ ಪಕ್ಕ ನಿಂತಿದ್ದ.

"ಮಾಮ, ಸ್ಕೌಟಿನ ಉದ್ದೇಶ ಏನು ಅಂತ ಹತ್ತು ಲೈನ್ ಬರ್ಕೊಂಡು ಹೋಗ್ಬೇಕು. ನೀನು ಡಿಬೇಟಲ್ಲಿ ಕಪ್‌ಗಳೆಲ್ಲ ತಗೊಂಡಿದೀಯಲ್ಲ, ಹೇಳು."

"ಪರವಾಗಿ ಬೇಕೋ, ವಿರೋಧವಾಗಿ ಬೇಕೋ?"

"ವಿರೋಧ ಬರೆದ್ರೆ ಸೇರಿಸ್ಕೊಳಲ್ಲ ಮಾಮ."

ಹುಡುಗನ ಮಾತಿನಲ್ಲಿ ನ್ಯಾಯವಿತ್ತು. ಎದ್ದು ಕೂತೆ. ಶಿಸ್ತು, ಸೇವೆ, ಸ್ವಾವಲಂಬನೆ ಎಂದು ಶುರುಮಾಡಿದರೆ ಹತ್ತಲ್ಲ, ನಲವತ್ತು ಸಾಲನ್ನು ನಿದ್ದೆಗಣ್ಣಿನಲ್ಲೇ ಹೇಳಬಲ್ಲೆ. ಅದೇ ನಲವತ್ತನ್ನೂ ಒಂದೊಂದಾಗಿ ಒಡೆದುಹಾಕಲೂ ಬಲ್ಲೆ. ಈಚೆಗೆ ಎರಡೂ ಒಂದೇ ಥರ ಆಯಾಸ ತರುತ್ತವೆ. ನಿಮಗೂ ಹಾಗೆ ಆಗಿದೆಯೋ ಇಲ್ಲವೋ, ನಾನರಿಯೆ.

ನಾನು ಸ್ಕೌಟ್ ಆಗಿದ್ದಾಗ ನನಗೆ ಹದಿನಾಲ್ಕು. 'ನಗರ ಜೀವನವೇ ಮೇಲು' ಎಂದು ಒಂದು ವಾರ ಗೆದ್ದು, 'ಹಳ್ಳಿಯ ಜೀವನವೇ ಮೇಲು' ಎಂದು ಮುಂದಿನ ವಾರವೂ ಗೆದ್ದವನು. ನಮ್ಮ ಮನೆ ಇದ್ದದ್ದು ಜಯನಗರದಲ್ಲಿ. ಹಳ್ಳಿಯೆಂದರೆ ನನ್ನ ಗೆಳೆಯ ಮುನಿರಾಜು ಚಿಕ್ಕಲಸಂದ್ರದಿಂದ ಡಬ್ಬಿಯಲ್ಲಿ ತರುತ್ತಿದ್ದ ಹುಚ್ಚೆಳ್ಳು ಚಟ್ನಿ, ಅಷ್ಟೆ. ಅವನದು ಮಾತು ಕಡಿಮೆ. ಅವನ ಪಾಲಿನದನ್ನೂ ನಾನೇ ಆಡುತ್ತಿದ್ದೆ, ಅವನ ಪಾಲಿನ ಚಟ್ನಿಯನ್ನೂ ನಾನೇ ತಿನ್ನುತ್ತಿದ್ದೆ. ಇಬ್ಬರೂ ಶಾಲೆಯ ಸ್ಕೌಟ್ ದಳಕ್ಕೆ ಒಟ್ಟಿಗೇ ಸೇರಿದೆವು. ಎಂಟು ಹುಡುಗರ ಒಂದು ಗುಂಪಿಗೆ ನಾನು ಲೀಡರ್ ಆದೆ. ಗಂಟು ಹಾಕುವುದರಲ್ಲಿ, ಬೆಂಕಿ ಹೊತ್ತಿಸುವುದರಲ್ಲಿ ಮುನಿರಾಜುವೇ ಮೇಲು, ಆದರೆ ಲೀಡರಾಗಬೇಕಾದವನು ಯಾಕೆ ಲೀಡರಾಗಬೇಕೆಂದು ನಿಂತು ಹೇಳಬೇಕಿತ್ತಲ್ಲ.

ದಳ ನಡೆಸುತ್ತಿದ್ದವರು ಡ್ರಾಯಿಂಗ್ ಕಲಿಸುವ ಶೇಷಪ್ಪ ಮೇಷ್ಟ್ರು. ಅಂಗಿಯ ತೋಳಿನಲ್ಲಿ ಯಾವಾಗಲೂ ಬಣ್ಣದ ಕಲೆ, ಕೊರಳಲ್ಲಿ ವಿಸಲ್. ಅವರನ್ನು ನಾನು ಸುಮ್ಮನೆ ಬಿಟ್ಟವನಲ್ಲ.

"ಸಾರ್, ದಿನಕ್ಕೊಂದು ಒಳ್ಳೇ ಕೆಲಸ ಮಾಡ್ಲೇಬೇಕು ಅಂತ ರೂಲ್ ಮಾಡಿದ್ರೆ ಅದು ಒಳ್ಳೇ ಕೆಲಸ ಹೇಗಾಗತ್ತೆ? ಬರೀ ರೂಲ್ ಪಾಲಿಸಿದ ಹಾಗಾಯ್ತಲ್ವಾ?"

"ಇವತ್ತಿಂದು ಮಾಡಿದ್ಯಾ?"

"ಇಲ್ಲ ಸಾರ್, ಅದಕ್ಕೇ ಕೇಳ್ತಿದೀನಿ."

"ಮಾಡಿ ಬಂದು ಕೇಳು."

ಇದು ಉತ್ತರವೇ ಅಲ್ಲ ಎಂದು ಮನೆಗೆ ಬಂದು ಅಕ್ಕನೆದುರು ಸಾಧಿಸಿ ತೋರಿಸಿದ್ದೆ.

ಬನಶಂಕರಿ ದಾಟಿ ಆ ಕಡೆಗೆ ಆಗಷ್ಟೇ ಒಂದು ಹೊಸ ಲೇಔಟು ಹಾಕಿದ್ದರು. ಆ ವರ್ಷಗಳಲ್ಲಿ ನಮ್ಮ ಕಡೆ ಊರು ಹೀಗೇ ಬೆಳೆಯುತ್ತಿತ್ತು. ಮೊದಲು ರಾಗಿ ಹೊಲ, ಆಮೇಲೆ ಕೆಂಪು ಮಣ್ಣಿನ ನೇರ ರಸ್ತೆಗಳು, ಮನೆಗಿಂತ ಮುಂಚೆ ಮೋರಿ, ಮೋರಿಗಿಂತ ಮುಂಚೆ ಬಾಂದು ಕಲ್ಲು. ಪ್ರತಿ ಸೈಟಿನ ಮೂಲೆಗೂ ಮೊಣಕಾಲಿಗಿಂತ ಗಿಡ್ಡನೆಯ ಒಂದು ಕಲ್ಲು, ಅರ್ಧ ನೆಲದೊಳಗೆ. ಅಲ್ಲಿಗೆ ಒಂದು ಭಾನುವಾರ ಮೇಷ್ಟ್ರು ನಮ್ಮನ್ನು ಜಾಡು ಹಿಡಿಯುವ ಆಟಕ್ಕೆ ಕರೆದುಕೊಂಡು ಹೋದರು. ಒಂದು ಗುಂಪು ಮುಂದೆ ಹೋಗಿ ನೆಲದ ಮೇಲೆ ಕಲ್ಲುಗಳನ್ನು ಜೋಡಿಸಿ ಬಾಣದ ಗುರುತು ಮಾಡುತ್ತಾ ಸಾಗಬೇಕು, ಇನ್ನೊಂದು ಅದನ್ನು ನೋಡಿಕೊಂಡು ಬರಬೇಕು. ಮುಂದೆ ಹೋದದ್ದು ನಮ್ಮ ಗುಂಪು. ದೂರಕ್ಕೆ ಕಾಣುವಂಥ ಕಲ್ಲು ಸುತ್ತಮುತ್ತ ಸಿಗಲಿಲ್ಲ. ನೆಟ್ಟಿದ್ದವು ಇದ್ದವಲ್ಲ! ಹಿಂದಿನ ದಿನ ಮಳೆಯಾಗಿ ನೆಲ ಮೆತ್ತಗಿತ್ತು. ನಾನೂ ಇನ್ನಿಬ್ಬರೂ ಸ್ಕೌಟ್ ಕೋಲುಗಳನ್ನು ಬುಡಕ್ಕೆ ಕೊಟ್ಟು ಮೀಟಿದೆವು.

ಮುನಿರಾಜು ದೂರ ನಿಂತ. "ಲೋ, ಬಾಂದು ಕಲ್ಲು ಕಣೋ ಅದು. ಕೀಳ್ಬಾರ್ದು."

"ಯಾರ ಬಾಂದೋ? ಇಲ್ಲಿ ಒಂದು ಮನೆ ತೋರ್ಸು ನೋಡೋಣ."

ತೋರಿಸಲು ಮನೆಯೇ ಇರಲಿಲ್ಲ. ಏಳು ಕಲ್ಲು ಕಿತ್ತೆವು. ಆಟ ಮುಗಿದ ಮೇಲೆ ಗುರುತುಗಳನ್ನು ಅಳಿಸಿ ಬರಬೇಕೆಂಬುದು ಸ್ಕೌಟಿನ ನಿಯಮ. ನಿಯಮದ ಪ್ರಕಾರ ಏಳನ್ನೂ ಒಂದು ಹಳ್ಳಕ್ಕೆ ಉರುಳಿಸಿ, ಕೈ ಒರೆಸಿಕೊಂಡು, ಪುರಿ ತಿಂದು ಮನೆಗೆ ಬಂದೆವು. ಸ್ಪಷ್ಟವಾದ ಗುರುತುಗಳಿಗಾಗಿ ಮೇಷ್ಟ್ರು ನಮ್ಮ ಗುಂಪನ್ನು ಹೊಗಳಿದರು.

ಮೂರು ವಾರದ ನಂತರ, ಶನಿವಾರದ ಕವಾಯತಿನ ಹೊತ್ತಿಗೆ ಮೈದಾನಕ್ಕೆ ಒಬ್ಬರು ಬಂದರು. ಹೆಸರು ಗಂಗಾಧರಯ್ಯ, ಗುಮಾಸ್ತರು, ವಿಲ್ಸನ್ ಗಾರ್ಡನ್ನಿನಲ್ಲಿ ಬಾಡಿಗೆ ಮನೆ. ಎಷ್ಟೋ ವರ್ಷ ಅರ್ಜಿ ಹಾಕಿ ಹಾಕಿ ಆ ಲೇಔಟಿನಲ್ಲಿ ಸೈಟು ಸಿಕ್ಕಿತ್ತು. ಪಾಯ ತೆಗೆಯಲು ಮೇಸ್ತ್ರಿಯನ್ನು ಕರೆದುಕೊಂಡು ಹೋದರೆ ಮೂಲೆಗಲ್ಲೇ ಇಲ್ಲ. ಪಕ್ಕದ ಸೈಟಿನವನು ತನ್ನ ಗಡಿ ಇನ್ನೂ ಮೂರಡಿ ಈಚೆಗೆ ಎನ್ನುತ್ತಿದ್ದ. ಸರ್ವೆಯವರು ಯಾವಾಗ ಬರುತ್ತಾರೋ ಗೊತ್ತಿಲ್ಲ, ಮುಹೂರ್ತ ಕಳೆದುಹೋಯಿತು.

"ಅವತ್ತು ನಿಮ್ಮ ಹುಡುಗ್ರು ಅಲ್ಲೇ ಓಡಾಡ್ತಿದ್ರಂತೆ ಸಾರ್. ಯಾರು ಕಿತ್ತಿದ್ದು ಅಂತ ಏನಾದ್ರೂ ಕಂಡಿದ್ರೆ ಹೇಳ್ಲಿ. ಸ್ಕೌಟ್ ಹುಡುಗ್ರು ಸುಳ್ಳು ಹೇಳಲ್ಲ ಅಂತ ನಂಬ್ಕೊಂಡು ಬಂದಿದೀನಿ."

ಗಮನಿಸಿ, ಅವರು ನಮ್ಮ ಮೇಲೆ ಅನುಮಾನ ಪಟ್ಟಿರಲಿಲ್ಲ. ಪಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ಪುರಾವೆ ಕೇಳಬಹುದಿತ್ತು. ಮೇಷ್ಟ್ರು ಸಾಲಿನುದ್ದಕ್ಕೂ ನೋಡಿದರು. ಯಾರೂ ಉಸಿರೆತ್ತಲಿಲ್ಲ. ಆ ಮೌನ ಇನ್ನೊಂದು ಕ್ಷಣ ಬೆಳೆದರೆ ಯಾರಾದರೂ ಬಾಯಿ ಬಿಡುತ್ತಾರೆಂದು ನನಗನಿಸಿತು. ನಾನೇ ಒಂದು ಹೆಜ್ಜೆ ಮುಂದೆ ಬಂದೆ.

"ಸಾರ್, ಕಲ್ಲು ಕಿತ್ರೆ ಯಾರಿಗೆ ಲಾಭ ಅಂತ ಮೊದ್ಲು ನೋಡ್ಬೇಕು. ಲೇಔಟಿಗೆ ಜಮೀನು ಕಳ್ಕೊಂಡೋರಿಗೆ ಸಿಟ್ಟಿರತ್ತೆ. ಅವ್ರು ಅಲ್ಲೇ ದನ ಮೇಯಿಸ್ತಾರೆ. ಕಲ್ಲಿಲ್ದಿದ್ರೆ ಮನೆ ಏಳಲ್ಲ, ಮನೆ ಏಳ್ದಿದ್ರೆ ಮೇವಿಗೆ ತೊಂದ್ರೆ ಇಲ್ಲ."

ಮಾತು ಎಷ್ಟು ಚೆನ್ನಾಗಿ ಕೂತಿತೆಂದರೆ, ಆಡಿ ಮುಗಿಸುವ ಹೊತ್ತಿಗೆ ನನಗೇ ನಂಬಿಕೆ ಬಂದಿತ್ತು.

"ಹೌದು ಸಾರ್!" ಎಂದರು ಗಂಗಾಧರಯ್ಯ. "ಹನುಮಂತಪ್ಪ ಅಂತ ಒಬ್ಬ ದಿನಾ ಅಲ್ಲೇ ದನ ಬಿಟ್ಕೊಂಡಿರ್ತಾನೆ. ಮೊದ್ಲು ಅವನದೇ ಹೊಲವಂತೆ. ಸ್ಟೇಷನ್ನಿಗೇ ಒಂದು ಕಂಪ್ಲೇಂಟ್ ಕೊಡ್ತೀನಿ."

ಹನುಮಂತಪ್ಪ ಮುನಿರಾಜುವಿನ ತಂದೆ.

ಸಂಜೆ ಬಸ್ ಸ್ಟಾಪಿನಲ್ಲಿ ಮುನಿರಾಜು ಕೇಳಿದ, "ನೀನು ಹೇಳ್ತೀಯೋ, ನಾನು ಹೇಳ್ಲೋ? ನೀನು ಲೀಡರ್ ಅಂತ ನಾನು ಅಲ್ಲಿ ಸುಮ್ನಿದ್ದೆ."

"ಯಾರೂ ನೋಡಿಲ್ಲ ಮಗಾ. ಪ್ರೂಫ್ ಎಲ್ಲಿದೆ? ನಿಮ್ಮಪ್ಪನ ಮೇಲೂ ಪ್ರೂಫ್ ಇಲ್ಲ. ಏನೂ ಆಗಲ್ಲ."

"ನಾನು ನೋಡ್ದೆ," ಎಂದ. ಬಸ್ಸು ಬಂತು, ಹತ್ತಿದ.

ಸೋಮವಾರ ಅವನು ಶಾಲೆಗೆ ಬರಲಿಲ್ಲ. ಅವನ ಊರಿನ ಇನ್ನೊಬ್ಬ ಹುಡುಗ ಮಧ್ಯಾಹ್ನ ಹೇಳಿದ: ಹನುಮಂತಪ್ಪನವರನ್ನು ಬೆಳಿಗ್ಗೆಯೇ ಸ್ಟೇಷನ್ನಿಗೆ ಕರೆಸಿದ್ದಾರೆ, ಇನ್ನೂ ಬಿಟ್ಟಿಲ್ಲ.

ಡ್ರಾಯಿಂಗ್ ರೂಮಿಗೆ ಹೋದೆ. ಹೋಗುವ ದಾರಿಯಲ್ಲೇ ಮೂರು ಅಂಶ ಸಿದ್ಧ ಮಾಡಿಕೊಂಡಿದ್ದೆ. ನೆಲ ಮೆತ್ತಗಿದ್ದರಿಂದ ಕಲ್ಲುಗಳು ಮೊದಲೇ ಅಲುಗಾಡುತ್ತಿದ್ದವು. ಕೀಳಬಾರದೆಂದು ನಮಗೆ ಮುಂಚಿತವಾಗಿ ಸೂಚನೆ ಇರಲಿಲ್ಲ. ನಾನು ಯಾರ ಹೆಸರನ್ನೂ ಹೇಳಿರಲಿಲ್ಲ. ಮೇಷ್ಟ್ರು ಬ್ರಷ್ ತೊಳೆಯುತ್ತಿದ್ದರು.

"ಸಾರ್, ಮೊದಲನೇದಾಗಿ, ಆ ಕಲ್ಲುಗಳು…"

"ಕಿತ್ತಿದ್ದು ಯಾರು?"

"ನಾನು ಸಾರ್. ಎರಡನೇದಾಗಿ…"

"ಸಾಕು. ಚಪ್ಪಲಿ ಹಾಕ್ಕೋ."

ಸ್ಟೇಷನ್ನಿನಲ್ಲಿ ಹನುಮಂತಪ್ಪನವರು ಗೋಡೆಯ ಪಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದರು, ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು. ಮೇಷ್ಟ್ರು ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು. ಮತ್ತೆ ಹೇಳಿದೆ. ಇನ್‌ಸ್ಪೆಕ್ಟರ್ ಸಾಹೇಬರು ನನಗೆ ಬಯ್ದು ಹನುಮಂತಪ್ಪನವರನ್ನು ಬಿಟ್ಟು ಕಳಿಸಿದರು. ಹೊರಗೆ ಬಂದು 'ತಪ್ಪಾಯ್ತು' ಎಂದೆ. ಅವರು ನನ್ನನ್ನು ಗುರುತು ಹಿಡಿದು, "ನೀನು ನಮ್ಮ ಮುನಿಯನ ಫ್ರೆಂಡಲ್ವಾ" ಎಂದರು, ಅಷ್ಟೆ.

ಮುಂದಿನ ಭಾನುವಾರ ಮೇಷ್ಟ್ರು ದಳವನ್ನೆಲ್ಲ ಲೇಔಟಿಗೆ ಕರೆದೊಯ್ದರು. ಹಳ್ಳದಿಂದ ಏಳು ಕಲ್ಲನ್ನೂ ಹೊತ್ತು ತಂದವರು ನಾವು ಮೂವರು. ಆದರೆ ಎಲ್ಲಿ ನೆಡುವುದು? ನಾವು ಹಗ್ಗ ಹಿಡಿದೆವು, ಹೆಜ್ಜೆಯಲ್ಲಿ ಅಳೆದೆವು, ಕಲಿತ ವಿದ್ಯೆಯೆಲ್ಲ ತೀರಿತು. ಹನುಮಂತಪ್ಪನವರು ದೂರದಲ್ಲಿ ದನಗಳ ಜೊತೆ ನಿಂತು ನೋಡುತ್ತಿದ್ದವರು, ಕೊನೆಗೆ ಬೇಸತ್ತು ಬಂದರು.

"ಬಿಡಿ, ನಂಗೊತ್ತು. ದಿನಾ ಎಡವಿದ ಕಲ್ಲು."

ನಡೆಯುತ್ತಾ ಹೋಗಿ ಅಲ್ಲಲ್ಲಿ ಹಿಮ್ಮಡಿ ಊರಿ ನಿಂತರು. ಆ ಕಡೆ ಪಕ್ಕದ ಸೈಟಿನವನು, ಈ ಕಡೆ ಗಂಗಾಧರಯ್ಯ. ಗಂಗಾಧರಯ್ಯನವರಿಗೆ ಮುಖವೆತ್ತಲಾಗುತ್ತಿರಲಿಲ್ಲ.

"ನಿಮ್ದೇ ಹೊಲ ಆಗಿತ್ತಲ್ಲಪ್ಪ ಇದು. ನಾನು ಬೇರೆ ಕಂಪ್ಲೇಂಟ್ ಕೊಟ್ಟೆ. ಆದ್ರೂ ನೀವು…"

"ಆಗಿತ್ತು. ಈಗ ನಿಮ್ದು. ಅದ್ರಲ್ಲೇನೈತೆ, ಕಲ್ಲು ನೆಡಿ."

ಮುಂದೆ ಸರ್ವೆಯವರು ಬಂದು ಅಳೆದಾಗ ಏಳರಲ್ಲಿ ಆರು ಸರಿಯಿದ್ದವಂತೆ, ಒಂದು ಮಾತ್ರ ಅರ್ಧ ಅಡಿ ಆಚೀಚೆ. ಆ ಒಂದು ನಾನು ಗುಂಡಿ ತೋಡಿ ನೆಟ್ಟದ್ದಿರಬೇಕು.

ಕತೆ ಇಲ್ಲಿಗೆ ಮುಗಿದಿದ್ದರೆ ಪ್ರಶಾಂತನ ಹತ್ತು ಸಾಲಿಗೆ ಸರಿಹೋಗುತ್ತಿತ್ತು. ಆದರೆ ವಾಪಸು ಬರುವಾಗ ನಾನೂ ಮುನಿರಾಜುವೂ ಹಿಂದೆ ಉಳಿದೆವು. ಎಲ್ಲರಿಗೂ ತಪ್ಪಾಯ್ತು ಎಂದಿದ್ದೆ, ಅವನೊಬ್ಬನಿಗೆ ಬಾಕಿಯಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ: "ಅವತ್ತು ಮೈದಾನದಲ್ಲಿ ನೀನೂ ಸುಮ್ನಿದ್ದೆ. ಅದೂ ಒಂದು ತಪ್ಪೇ ಅಲ್ವಾ?"

ಮುನಿರಾಜು ನಿಂತ.

"ಹೌದು ಗುರು. ಗೆದ್ದೆ ಬಿಡು."

ನಾನು ಗೆದ್ದ ಚರ್ಚೆಗಳಲ್ಲಿ ಎದುರಾಳಿ ಅಷ್ಟು ಬೇಗ ಒಪ್ಪಿಕೊಂಡದ್ದು ಇನ್ನೊಂದಿಲ್ಲ. ಮರುವಾರದಿಂದ ಅವನೇ ಲೀಡರ್. ನಾನು ಎಸ್ಸೆಸ್ಸೆಲ್ಸಿಯ ನೆಪ ಹೇಳಿ ದಳ ಬಿಟ್ಟೆ. ಡಬ್ಬಿ ಬಿಚ್ಚುವಾಗ ಅವನು ಬೇರೆ ಕಡೆ ಕೂರತೊಡಗಿದ.

ಇದನ್ನೆಲ್ಲ ನಾನು ಮನಸ್ಸಿನಲ್ಲೇ ನೆನೆಯುತ್ತಿದ್ದೇನೆಂದುಕೊಂಡಿದ್ದೆ. ಹಾಗಲ್ಲ, ಪ್ರಶಾಂತನಿಗೆ ಹೇಳುತ್ತಾ ಹೋಗಿದ್ದೆ. ಅಕ್ಕ ಇಸ್ತ್ರಿ ಮಾಡುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದಳು.

"ಇದು ಹತ್ತು ಲೈನಿಗೆ ಹಿಡಿಯಲ್ಲ ಮಾಮ," ಎಂದ ಹುಡುಗ. "ಆಮೇಲೆ ಅವ್ರಿಗೆ ಸಾರಿ ಹೇಳಿದ್ಯಾ?"

"ನೋಡು, ಅದರಲ್ಲಿ ಏನಂದ್ರೆ…" ಎಂದು ಶುರುಮಾಡಿದೆ. ಹನ್ನೊಂದು ವರ್ಷದಿಂದ ಕಾರಣಗಳು ಹದವಾಗಿ ಕೂತಿದ್ದವು. ಹುಡುಗ ಪೆನ್ಸಿಲ್ ಹಿಡಿದು, ಬರೆದುಕೊಳ್ಳಲೆಂದು ಕಾಯುತ್ತಿದ್ದ. ಬರೆದುಕೊಳ್ಳುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

ಅಕ್ಕ ಹೇಳಿದಳು, "ಮುನಿರಾಜು ತಾನೆ? ಚಿಕ್ಕಲಸಂದ್ರದಲ್ಲಿ ಸಿಮೆಂಟ್ ಅಂಗ್ಡಿ ಇಟ್ಟಿದಾನೆ. ಭಾನುವಾರಾನೂ ತೆಗ್ದಿರ್ತಾನೆ."

ಉತ್ತರಹಳ್ಳಿಯ ಬಸ್ಸು ಹತ್ತಿದೆ. ಹೊಲಗಳಿದ್ದಲ್ಲೆಲ್ಲ ಈಗ ಟೆರೇಸು, ನೀರಿನ ಟ್ಯಾಂಕು. ಗಂಗಾಧರಯ್ಯನವರ ಮನೆ ಯಾವುದೋ ತಿಳಿಯಲಿಲ್ಲ. ಅಂಗಡಿ ಬೇಗ ಸಿಕ್ಕಿತು. ಮುನಿರಾಜು ದಪ್ಪಗಾಗಿದ್ದ, ಮೀಸೆ ಬಿಟ್ಟಿದ್ದ.

"ಏನು ಬೇಕಿತ್ತು ಸಾರ್?" ಎಂದವನು ಅರ್ಧದಲ್ಲೇ ನನ್ನ ಮುಖ ನೋಡಿ ನಿಲ್ಲಿಸಿದ.

"ತಪ್ಪು ನಂದು ಮುನಿರಾಜು," ಎಂದೆ.

"ಯಾವ್ದು?"

"ಕಲ್ಲು ಕಿತ್ತಿದ್ದಲ್ಲ. ಅವತ್ತು ದಾರೀಲಿ ನಿಂಗೆ ಹೇಳಿದ್ದು."

ಅವನು ಕೈಯಲ್ಲಿದ್ದ ಬಿಲ್ ಪುಸ್ತಕ ಮುಚ್ಚಿಟ್ಟ. ಆಡಿದ್ದಕ್ಕೆ ಸೇರಿಸಬಹುದಾದ ಎರಡು ಮೂರು ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದು ಕಾದವು. ನುಂಗಿಕೊಂಡೆ. ಪಕ್ಕದಲ್ಲಿದ್ದ ಸಿಮೆಂಟ್ ಮೂಟೆಯ ಮೇಲೆ ಕೂರಲು ಹೋದೆ.

"ಪ್ಯಾಂಟ್ ಹಾಳಾಗತ್ತೆ ಕಣೋ," ಎಂದ ಮುನಿರಾಜು.

ಅವನು ಹೇಳಿದ್ದು ನಿಜ. ಆದರೂ ಕೂತೆ.