ಸೀಟಿನ ಕೆಳಗಿನ ನೆಗ್ಗು

ನಮ್ಮ ಮನೆಯಲ್ಲಿ ಜೀಪು ಓಡಿಸುತ್ತಿದ್ದವಳು ನನ್ನ ಹೆಂಡತಿ. ನಾನು ಪಕ್ಕದ ಸೀಟಿನಲ್ಲಿ ಕಂಬಿ ಹಿಡಿದು ಕೂರುತ್ತಿದ್ದವನು. ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಹುಡುಗರಿಗೆ ಗಣಿತ ಹೇಳಿಕೊಡುವ ನನಗೆ ಸ್ಕೂಟರಿನ ಆಚೆಗೆ ಯಾವ ಗಾಡಿಯ ಮೇಲೂ ಅಧಿಕಾರವಿರಲಿಲ್ಲ. ಅವಳದು ಹಾಗಲ್ಲ. ಅಂಬಾಜಿದುರ್ಗದ ಬುಡದ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಅವಳ ಅಪ್ಪ ಹಳೆಯ ಜೀಪಿನಲ್ಲಿ ಟೊಮೆಟೊ ಕ್ರೇಟು ತುಂಬಿಕೊಂಡು ಚಿಂತಾಮಣಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗಲೇ ಮಗಳಿಗೆ ಹೊಲದ ಬದುವಿನ ಮೇಲೆ ಓಡಿಸುವುದನ್ನು ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಜೀಪು ಯಾರ್ಯಾರದೋ ಪಾಲಾಯಿತು. ನಾವಿಬ್ಬರೂ ಸಂಬಳ ಎಣಿಸುವ ಸ್ಥಿತಿಗೆ ಬಂದಾಗ ಅವಳು ಬೇಕೆಂದದ್ದು ಒಂದೇ: ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಹಳೆಯ ಮಾದರಿಯ ಜೀಪು. ನಮ್ಮ ಕೈಗೆ ಬರುವ ಮುಂಚೆ ಅದು ಎಷ್ಟು ಕೈ ದಾಟಿತ್ತೋ ತಿಳಿಯದು.

ವಾರದ ದಿನಗಳಲ್ಲಿ ಅವಳು ಶಿಡ್ಲಘಟ್ಟಕ್ಕೆ ಹೋಗಿ ಬರುತ್ತಿದ್ದಳು. ಅಲ್ಲೊಂದು ಚಾಕಿ ಕೇಂದ್ರದಲ್ಲಿ, ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುಗಳನ್ನು ರೈತರ ಕೈಗೆ ಕೊಡುವಷ್ಟು ದೊಡ್ಡದು ಮಾಡುವ ಕೆಲಸ. ಇಡೀ ವಾರ ಸೊಪ್ಪು ಹೆಚ್ಚಿ, ಶಾಖ ತೇವ ನೋಡಿ ದಣಿದವಳಿಗೆ ಭಾನುವಾರ ಬಂತೆಂದರೆ ಗುಡ್ಡ ಬೇಕು. ಕಳವಾರದ ಕಡೆ ಚಾರಣಕ್ಕೆ ಬರುವವರ ಗದ್ದಲ ಅವಳಿಗೆ ಆಗದು. ಕುರಿ ಹೋಗುವ ದಾರಿ, ಟ್ರಾಕ್ಟರು ಹೋಗಿ ಅರ್ಧಕ್ಕೆ ಬಿಟ್ಟ ದಾರಿ, ಅಂಥವು ಬೇಕು.

ಆ ಭಾನುವಾರ ಪೆರೇಸಂದ್ರದಿಂದ ಒಳಗೆ ತಿರುಗಿ, ಒಂದು ಕೆರೆಯ ಏರಿ ದಾಟಿ, ಗುಡ್ಡದ ಹಿಂಬದಿಗೆ ಹೋದೆವು. ಮಳೆಗಾಲ ಮುಗಿದು ಚಳಿ ಶುರುವಾಗಿತ್ತು. ಹುಲ್ಲು ಸೊಂಟದೆತ್ತರ ಬೆಳೆದು ಒಣಗಿತ್ತು. ಅವಳು ಇಳಿದು, ಮುಂದಿನ ಚಕ್ರಗಳಿಗೂ ಶಕ್ತಿ ಹೋಗುವಂತೆ ಅವುಗಳ ಲಾಕು ತಿರುಗಿಸಿ, ಮತ್ತೆ ಹತ್ತಿ, ಚಿಕ್ಕ ಗೇರಿನ ಲಿವರು ಎಳೆದು, ನಿಧಾನವಾಗಿ ಏರಿಸತೊಡಗಿದಳು. ಬಂಡೆಯೊಂದರ ಮೇಲೆ ಮುಂಚಕ್ರ ಜಾರಿತು. ಜೀಪು ಪಕ್ಕಕ್ಕೆ ಸರಿದು ಧಡ್ಡನೆ ಕೂತಿತು. ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಕಲ್ಲೊಂದು ಹೊಟ್ಟೆಗೇ ತಾಗಿತ್ತು.

ಏಟಿನ ಸದ್ದು ನಿಂತ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆಮೇಲೆ ಡೀಸೆಲ್ ವಾಸನೆ ಬಂತು.

ಅವಳು ಕೆಳಗೆ ತೂರಿಕೊಂಡಳು. ಟ್ಯಾಂಕಿನ ತಳ ನೆಗ್ಗಿ, ಮಡಿಕೆಯಲ್ಲಿ ಸಣ್ಣ ಬಿರುಕು ಬಿಟ್ಟು ಡೀಸೆಲ್ ತೊಟ್ಟಿಕ್ಕುತ್ತಿತ್ತು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡು ಬಿಲ್ಲಿನಂತೆ ಬಾಗಿ, ಚಕ್ರಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತಿದ್ದವು.

"ರೀ, ಆ ಬ್ಯಾಗಲ್ಲಿ ಸೋಪ್ ಇದೆ ನೋಡಿ, ಕೊಡಿ."

"ಸೋಪಾ? ಈಗ ಕೈ ತೊಳ್ಕೋತೀಯಾ?"

"ಕೊಡ್ರೀ ಸುಮ್ನೆ."

ಬಟ್ಟೆ ಸೋಪಿನ ತುಂಡನ್ನು ಹಸಿ ಮಾಡಿ ಬಿರುಕಿಗೆ ಗಸಗಸ ಉಜ್ಜಿ ತುಂಬಿದಳು. ತೊಟ್ಟಿಕ್ಕುವುದು ನಿಂತಿತು. ಟೈ ರಾಡು ಬಿಚ್ಚಿ, ಎರಡು ಕಲ್ಲಿನ ನಡುವೆ ಅಡ್ಡ ಇಟ್ಟು, ಸರದಿಯಂತೆ ಸುತ್ತಿಗೆಯಲ್ಲಿ ಬಡಿದೆವು. ಪೂರ್ತಿ ನೆಟ್ಟಗಾಗಲಿಲ್ಲ. ಮನೆ ಮುಟ್ಟಿಸುವಷ್ಟು ಆಯಿತು. ದಾರಿಯುದ್ದಕ್ಕೂ ಸ್ಟೇರಿಂಗು ಎಡಕ್ಕೆ ಎಳೆಯುತ್ತಿತ್ತು. ಅವಳ ಮೂಗಿನ ತುದಿಗೆ ಗ್ರೀಸು ಮೆತ್ತಿತ್ತು. ನಾನು ಹೇಳಲಿಲ್ಲ. ಚೆನ್ನಾಗಿ ಕಾಣುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಅವಳು ಗರ್ಭಿಣಿ ಎಂದು ತಿಳಿಯಿತು.

ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಕೇಳುವವರೆಲ್ಲ ಕೇಳಿ ಕೇಳಿ ಸುಮ್ಮನಾಗಿದ್ದರು. ನಾವೂ ಆ ಮಾತು ಎತ್ತುವುದನ್ನು ಬಿಟ್ಟಿದ್ದೆವು. ಡಾಕ್ಟರಮ್ಮ ವಾರಗಳ ಲೆಕ್ಕ ಹೇಳಿದಾಗ ಅವಳು ದಾರಿಯಲ್ಲಿ ಬೆರಳು ಮಡಚಿ ಎಣಿಸಿ, ಹೂವಿನ ಅಂಗಡಿಯ ಮುಂದೆ ತಟ್ಟನೆ ನಿಂತುಬಿಟ್ಟಳು.

"ಅವತ್ತು ಗುಡ್ಡಕ್ಕೆ ನಾವು ಮೂರು ಜನ ಹೋಗಿದ್ವಿ ಕಣ್ರೀ," ಅಂದಳು.

ಆ ಮಾತನ್ನು ಹೇಳುವಾಗ ಅವಳ ಮುಖ ಹೇಗಿತ್ತೆಂದು ನನಗೆ ಈಗಲೂ ಬರೆಯಲು ಬಾರದು. ನಾವು ಅಲ್ಲೇ ಸೇವಂತಿಗೆ ಕೊಂಡು ಮನೆಗೆ ಹೋದೆವು. ಜೀಪಿನ ರಿಪೇರಿ ಮಗು ಬಂದ ಮೇಲೆ ಎಂದು ತೀರ್ಮಾನವಾಯಿತು. ಅದು ಹಿತ್ತಲಲ್ಲಿ, ಸೋಪು ಮೆತ್ತಿಕೊಂಡು, ಚಕ್ರ ಸೊಟ್ಟಗೆ ಇಟ್ಟುಕೊಂಡು ನಿಂತಿತು.

ನಾಲ್ಕನೆಯ ತಿಂಗಳಿನಲ್ಲಿ ಸ್ಕ್ಯಾನಿಗೆ ಹೋದಾಗ ಡಾಕ್ಟರಮ್ಮ ಮಾತು ನಿಲ್ಲಿಸಿದರು. ಹೊಟ್ಟೆಯ ಮೇಲೆ ಉಪಕರಣವನ್ನು ಅತ್ತ ಇತ್ತ ಆಡಿಸಿದರು, ಇನ್ನೊಮ್ಮೆ ಆಡಿಸಿದರು. ಆಮೇಲೆ ಅದನ್ನು ಪಕ್ಕಕ್ಕಿಟ್ಟು ನನ್ನ ಹೆಂಡತಿಯ ಕೈ ಹಿಡಿದುಕೊಂಡರು. ಎದೆ ಬಡಿತ ನಿಂತುಹೋಗಿತ್ತು.

ಎಲ್ಲ ಮುಗಿದು ಮನೆಗೆ ಹೊರಡುವ ದಿನ ಅವಳು ಕೇಳಿದಳು: "ನಾನು ಜೀಪ್ ಓಡ್ಸಿದ್ದೆ ಡಾಕ್ಟ್ರೇ. ಗುಡ್ಡದ ಮೇಲೆ. ಏಟೂ ಬಿದ್ದಿತ್ತು."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮಾ," ಡಾಕ್ಟರಮ್ಮ ಹೇಳಿದರು. "ಅವತ್ತಿಗೆ ಅದು ಒಂದು ಕಾಳಿನಷ್ಟೂ ಇರ್ಲಿಲ್ಲ. ಒಳಗೆ ಭದ್ರವಾಗಿರತ್ತೆ. ಇದು ಬೆಳವಣಿಗೆಯಲ್ಲೇ ಮೊದಲಿಂದ ಇದ್ದ ದೋಷ. ನೀನು ಮಾಡಿದ್ದರಿಂದ ಆಗಿದ್ದಲ್ಲ, ಮಾಡದೇ ಇದ್ದಿದ್ದರಿಂದಲೂ ಆಗಿದ್ದಲ್ಲ."

ಅವಳು ತಲೆಯಾಡಿಸಿದಳು. ನಾನು ಆ ಮಾತನ್ನು ಮಂತ್ರದಂತೆ ಮನಸ್ಸಿನಲ್ಲಿ ಇಟ್ಟುಕೊಂಡೆ. ಆದರೆ ಮನೆಗೆ ನೋಡಲು ಬಂದವರಿಗೆ ಆ ಮಂತ್ರ ತಿಳಿದಿರಲಿಲ್ಲ. ಬಂದವರೆಲ್ಲ ಕಾಫಿ ಕುಡಿಯುತ್ತ ಹಿತ್ತಲ ಬಾಗಿಲಿಂದ ಜೀಪಿನ ಕಡೆ ಒಮ್ಮೆ ನೋಡುತ್ತಿದ್ದರು. "ಹೆಣ್ಣುಮಕ್ಕಳಿಗೆ ಅಂಥ ಗಾಡಿ ಯಾಕೆ ಬೇಕಿತ್ತು?" ಎಂದು ನನ್ನ ಚಿಕ್ಕಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ನಡುಮನೆಗೂ ಕೇಳಿತು. ಅದನ್ನೆಲ್ಲ ಅವಳು ತಡೆದುಕೊಂಡಳು. ತಡೆಯಲಾಗದ್ದು ಅವಳ ಅಮ್ಮನ ಮಾತು. ಮಗಳ ತಲೆ ಬಾಚುತ್ತಾ ಬಾಚುತ್ತಾ ಆಕೆ ಮನೆಯ ತೆಲುಗಿನಲ್ಲಿ, ಕೋಪವಿಲ್ಲದೆ, ಅಳುತ್ತಲೇ ಅಂದರು: "ವದ್ದು ಅಂಟೆ ವಿನಲೇದು ಕದಮ್ಮಾ." ಬೇಡ ಅಂದರೆ ಕೇಳಲಿಲ್ಲವಲ್ಲಮ್ಮಾ.

ಅವತ್ತಿನಿಂದ ಅವಳು ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಬಟ್ಟೆ ಒಣಹಾಕಲು ಮಾಳಿಗೆ ಹತ್ತುತ್ತಿದ್ದಳು.

ಜೀಪು ಮತ್ತೆ ಸರಿಹೋದರೆ, ಅವಳನ್ನು ಒಮ್ಮೆ ಸ್ಟೇರಿಂಗಿನ ಹಿಂದೆ ಕೂರಿಸಿದರೆ, ಮೊದಲಿನ ಅವಳು ವಾಪಸು ಬರುತ್ತಾಳೆಂದು ನನಗೆ ಅನ್ನಿಸಿತು. ಚಿಂತಾಮಣಿಯಲ್ಲಿ ಅವಳ ಅಪ್ಪನ ಗಾಡಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಇದ್ದ. ಅವಳನ್ನು ಲಂಗದ ವಯಸ್ಸಿನಿಂದ ಬಲ್ಲವನು. ಈಗಲೂ ಚಿಕ್ಕ ಹುಡುಗಿಯನ್ನು ಕರೆದ ಹಾಗೆ "ಅಮ್ಮಾಯಿ" ಅಂತಲೇ ಕರೆಯುತ್ತಿದ್ದ. ಜೀಪು ಕಲ್ಲಿಗೆ ಬಡಿದಿದೆ ಎಂದಷ್ಟೇ ಹೇಳಿದೆ. ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಅವನು ಯಾರದೋ ಲಾರಿ ಕಳಿಸಿ ಜೀಪನ್ನು ತರಿಸಿಕೊಂಡ.

ವಾರ ಬಿಟ್ಟು ಅವನ ಫೋನು ಬಂತು. ಟ್ಯಾಂಕು ಇಳಿಸಿದ್ದೇನೆ, ಒಮ್ಮೆ ಬಂದು ನೋಡಿ ಎಂದ. ನಾನು ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ಅವಳು ಸೀರೆ ಬದಲಿಸಿ ಬಂದು ನಿಂತಿದ್ದಳು.

"ನಾನೂ ಬರ್ತೀನಿ."

ನನಗೆ ಎಷ್ಟು ಸಂತೋಷವಾಯಿತೆಂದರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೆ ಕೊಟ್ಟು, ಶಿಡ್ಲಘಟ್ಟ ದಾಟುವವರೆಗೂ ಏನೇನೋ ಹರಟುತ್ತಲೇ ಇದ್ದೆ.

ಶೆಡ್ಡಿನ ಮುಂದೆ ಹೊಂಗೆಮರದ ನೆರಳಿನಲ್ಲಿ ಟ್ಯಾಂಕನ್ನು ಮಗುಚಿ ಹಾಕಿದ್ದರು. ಹೊರಗಿನ ಮಣ್ಣು ತೊಳೆದದ್ದರಿಂದ ನೆಗ್ಗು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಸಣ್ಣ ಬೋಗುಣಿ ಇಡುವಷ್ಟು ಆಳ. ಅವಳು ಮೆಕ್ಯಾನಿಕ್‌ನನ್ನು ಮಾತಾಡಿಸಿ, ಅವನ ಮನೆಯವರ ಕ್ಷೇಮ ಕೇಳಿ, ಆಮೇಲೆ ಸೆರಗು ಸಿಕ್ಕಿಸಿಕೊಂಡು ಟ್ಯಾಂಕಿನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. ಅಂಗೈಯನ್ನು ಆ ನೆಗ್ಗಿನೊಳಗೆ ಇಟ್ಟಳು.

"ಅಣ್ಣಾ, ಇಷ್ಟು ಒಳಗೆ ಹೋಗ್ಬೇಕು ಅಂದ್ರೆ ಏಟು ಎಷ್ಟು ಜೋರಾಗಿ ಬಿದ್ದಿರ್ಬೇಕು?"

ಅವನಿಗೆ ಏನು ತಿಳಿಯಬೇಕು? ಗಾಡಿಯ ಏಟಿನ ವಿಚಾರ ಬಂದರೆ ಎಲ್ಲ ಮೆಕ್ಯಾನಿಕ್‌ಗಳಿಗೂ ಬರುವ ಹುರುಪು ಅವನಿಗೂ ಬಂತು. "ಅಯ್ಯೋ, ಏನ್ ಏಟಮ್ಮಾಯಿ ಅದು! ಹಳೇ ಕಾಲದ ತಗಡು, ಸುಮ್ಸುಮ್ನೆ ಬಗ್ಗಲ್ಲ. ಇಡೀ ಗಾಡಿ ಭಾರ ಕಲ್ಲಿನ ಮೇಲೆ ಎತ್ತಿ ಹಾಕ್ದಂಗೆ ಬಿದ್ದೈತೆ."

"ಇದ್ರ ಮೇಲೇ ಅಲ್ವಾ ಡ್ರೈವರ್ ಸೀಟು?"

"ಅವುನು, ನೇರ ಮೇಲೇನೇ. ಇದ್ಕೂ ಸೀಟ್ಗೂ ಮಧ್ಯ ಬೆರಳು ಆಡೋಷ್ಟು ಜಾಗ."

"ಹಾಗಾದ್ರೆ ಆ ಏಟು ಸೀಟಿಗೂ ಬಂದಿರತ್ತೆ."

ನಾನು ಅವಳ ಬೆನ್ನ ಹಿಂದಿನಿಂದ ಬೇಡ ಬೇಡ ಎಂದು ಕೈಯಾಡಿಸಿದೆ. ರಿಪೇರಿ ದೊಡ್ಡದೆಂದು ಹೆದರುತ್ತಿದ್ದೇನೆ ಅಂದುಕೊಂಡನೋ ಏನೋ, ಅವನು ನನ್ನ ಕಡೆ ನೋಡಿ ನಕ್ಕ.

"ಬರ್ದೆ ಇರತ್ತಾ? ಸೊಂಟ ಮುರೀದೆ ಎದ್ದು ಬಂದಿದ್ದೀಯಲ್ಲ, ಅದೇ ನಿಮ್ಮಪ್ಪನ ಪುಣ್ಯ. ಬೇರೆ ಯಾರಾದ್ರೂ ಆಗಿದ್ರೆ ಒಳಗಿನದೆಲ್ಲ ಅಲ್ಲಾಡೋಗಿರೋದು."

ಅವಳು ಕೈ ತೆಗೆಯಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಯಾರೋ ಟ್ರಾಕ್ಟರಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಆಮೇಲೆ ಎದ್ದು, "ಚೆನ್ನಾಗಿ ಮಾಡಿಕೊಡಣ್ಣಾ," ಅಂದು ರಸ್ತೆಯ ಕಡೆ ನಡೆದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಹೇಳಿದೆ. ಕಾಳಿನಷ್ಟೂ ಇರಲಿಲ್ಲ ಎಂದದ್ದು, ಒಳಗೆ ಭದ್ರ ಎಂದದ್ದು. ಅವಳು ಹೊರಗೆ ಹಿಪ್ಪುನೇರಳೆ ತೋಟಗಳನ್ನು ನೋಡುತ್ತಿದ್ದಳು.

"ಡಾಕ್ಟ್ರು ಗಾಡಿ ನೋಡಿಲ್ಲ," ಅಂದಳು.

ಮಾರನೆಯ ದಿನ ಕಾಲೇಜಿನ ಮಾಳಿಗೆ ಮೇಲೆ ನಿಂತು ಮೆಕ್ಯಾನಿಕ್‌ಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಅಯ್ಯೋ ದೇವುಡಾ, ನನ್ನ ನಾಲ್ಗೆ," ಎಂದ.

ಜೀಪು ರಿಪೇರಿಯಾದ ಮೇಲೆ ಅವನೇ ಓಡಿಸಿಕೊಂಡು ಬಂದ. ಜೊತೆಗೆ ಹೆಂಡತಿಯನ್ನೂ ಒಂದು ಬುಟ್ಟಿ ಮಾವಿನಹಣ್ಣನ್ನೂ ತಂದಿದ್ದ. ಬಿಳಿ ಅಂಗಿ ಹಾಕಿಕೊಂಡಿದ್ದ. ಅವನನ್ನು ಎಣ್ಣೆ ಕಲೆಯಿಲ್ಲದ ಬಟ್ಟೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಕೂತವನು ಕಾಫಿ ಮುಟ್ಟಲಿಲ್ಲ.

"ಅಮ್ಮಾಯಿ, ನಾನವತ್ತು ಸರ್ಯಾಗಿ ನೋಡ್ದೆ ಹೇಳ್ಬಿಟ್ಟೆ. ಆಮೇಲೆ ಉಜ್ಜಿ ನೋಡಿದ್ರೆ ಅದು ಹಳೇ ನೆಗ್ಗು. ಒಳಗೆಲ್ಲ ತುಕ್ಕು ಇತ್ತು. ನಿಮಗಿಂತ ಮುಂಚೆ ಇಟ್ಕೊಂಡಿದ್ದೋರು ಯಾರೋ ಹೊಡೆಸಿದ್ದು. ನಿನ್ನ ಏಟಿಗೆ ಆ ಸಣ್ಣ ಬಿರುಕಷ್ಟೇ ಬಿಟ್ಟಿರೋದು."

ಅವನ ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನನ್ನ ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಅಪ್ಪನ ಹತ್ರ ನೀನು ಒಂದು ಸಲಾನೂ ಸುಳ್ಳು ಹೇಳಿದ್ದಿಲ್ಲ ಅಣ್ಣಾ."

"ಈಗಲೂ ಹೇಳ್ತಿಲ್ಲಮ್ಮಾ."

"ಸರಿ ಅಣ್ಣಾ," ಅಂದಳು. "ಕಾಫಿ ಆರೋಗತ್ತೆ, ಕುಡಿ." ಅವನ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದಳು, ಆಮೇಲೆ ನಮ್ಮನ್ನೂ ಊಟಕ್ಕೆ ಎಬ್ಬಿಸಿದಳು. ನಾಲ್ಕು ಜನರೂ ಮುದ್ದೆ, ಬಸ್ಸಾರು ಊಟ ಮಾಡಿದೆವು. ಯಾರೂ ಜೀಪಿನ ಮಾತು ಎತ್ತಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ನಾನು ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ, ನಿಜವಾಗಿಯೂ ಹಳೆಯ ನೆಗ್ಗೇ ಎಂದು. ಅವನ ಕಣ್ಣು ತುಂಬಿತ್ತು.

"ತಟ್ಟಿ ನೆಟ್ಟಗೆ ಮಾಡಿ ಬಣ್ಣ ಹೊಡ್ದುಬಿಟ್ಟೆ ಸಾರ್. ಈಗ ಯಾರು ನೋಡಿದ್ರೂ ಗೊತ್ತಾಗಲ್ಲ. ನನಗೂ ಗೊತ್ತಾಗಲ್ಲ."

ಜೀಪನ್ನು ಮಾರೋಣ ಎಂದವಳು ಅವಳೇ. ನಾನು ಬೇಡವೆಂದೆ, ಇನ್ನೊಂದಷ್ಟು ದಿನ ನೋಡೋಣ ಎಂದೆ. ಅವಳು ವಾದ ಮಾಡಲಿಲ್ಲ. ಪ್ರತಿದಿನ ಒಂದೇ ಸ್ವರದಲ್ಲಿ ಕೇಳಿದಳು, ಅಷ್ಟೆ. ಗೌರಿಬಿದನೂರಿನ ಕಡೆಯ ಯುವ ರೈತನೊಬ್ಬ ಸಿಕ್ಕಿದ. ಗುಡ್ಡದ ಇಳಿಜಾರಿನಲ್ಲಿ ಅವನ ಹೊಲ, ಮಳೆ ಬಂದರೆ ಬೇರೆ ಗಾಡಿ ಹತ್ತುವುದಿಲ್ಲವಂತೆ. ಅಂಥ ಕಡೆಗೆ ಹೋಗುತ್ತದೆಂದು ಅವಳಿಗೆ ಸಮಾಧಾನವಾದಂತೆ ಕಂಡಿತು.

ಅವನು ಬಂದ ದಿನ ಅವಳು ಹಿತ್ತಲಿಗೆ ಇಳಿದು ಬಂದಳು. ಮುಂಚಕ್ರದ ಲಾಕು ತಿರುಗಿಸುವುದು ಹೇಗೆ, ಯಾವ ಲಿವರು ಮೊದಲು, ಇಳಿಜಾರಿನಲ್ಲಿ ಬ್ರೇಕು ಒತ್ತದೆ ಗೇರಿನಲ್ಲೇ ಹೇಗೆ ಇಳಿಸಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದಳು. "ಹುಲ್ಲು ಎತ್ತರ ಇದ್ರೆ ಇಳಿದು ನಡೆದು ನೋಡ್ಕೊಂಡು ಆಮೇಲೆ ಹೋಗಪ್ಪ," ಅಂದಳು. ಅವನು ಎಲ್ಲಕ್ಕೂ "ಹೂಂ ಅಕ್ಕ" ಅನ್ನುತ್ತಿದ್ದ. ಅವನು ಹತ್ತಿ ಕೂತು ಎಂಜಿನ್ ಶುರು ಮಾಡಿದ ಮೇಲೆ ಅವಳು ಬಾಗಿಲ ಕಂಬಿ ಹಿಡಿದು, ಸದ್ದಿನ ಮಧ್ಯೆ ಕೇಳಿಸಲೆಂದು ಸ್ವಲ್ಪ ಜೋರಾಗಿಯೇ ಹೇಳಿದಳು:

"ಮನೇಲಿ ಯಾರಾದ್ರೂ ಬಸುರಿ ಇದ್ರೆ ಇದ್ರಲ್ಲಿ ಕೂರಿಸ್ಬೇಡ ಕಣಪ್ಪ."

ಆ ಯುವಕ ನಾಚಿಕೊಂಡು ನಕ್ಕು, ಆಯ್ತಕ್ಕ ಎಂದ. ನನಗೆ ಅವಳ ಕಡೆ ತಿರುಗಿ ನೋಡಲಾಗಲಿಲ್ಲ.

ಇದಾಗಿ ಕೆಲವು ವರ್ಷಗಳಾದವು. ನಮಗೆ ಮಕ್ಕಳಾಗಲಿಲ್ಲ. ಅವಳು ಸ್ಕೂಟರಿನಲ್ಲಿ ಶಿಡ್ಲಘಟ್ಟಕ್ಕೆ ಹೋಗಿ ಬರುತ್ತಾಳೆ. ಹುಳುಗಳ ಕೆಲಸದಲ್ಲಿ ಅವಳಿಗೆ ಒಳ್ಳೆಯ ಹೆಸರಿದೆ. ಹಿಂದಿನ ಸೀಟಿನಲ್ಲಿ ನಾನು ಕೂತ ದಿನ ಗಮನಿಸಿದ್ದೇನೆ, ರಸ್ತೆಯ ಉಬ್ಬು ಕಂಡರೆ ದೂರದಿಂದಲೇ ವೇಗ ಇಳಿಸಿ, ಎರಡೂ ಕಾಲು ನೆಲಕ್ಕೆ ಊರಿ, ನಡೆಸಿಕೊಂಡು ದಾಟಿಸುತ್ತಾಳೆ. ಹಿಂದಿನವರು ಹಾರ್ನು ಹೊಡೆಯುತ್ತಾರೆ. ಅವಳು ಅವಸರ ಮಾಡುವುದಿಲ್ಲ.

ಡಾಕ್ಟರಮ್ಮನ ಮಾತನ್ನು ನಾನು ಈಗಲೂ ಆಗಾಗ ಹೇಳುತ್ತೇನೆ. ಅವಳು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳಂತೆ, "ಗೊತ್ತು ಕಣ್ರೀ, ನನಗೆ ಗೊತ್ತು," ಅನ್ನುತ್ತಾಳೆ.