ಮೂರು ಸಾವಿರ ತೋರಿಸಿದ ಮುಳ್ಳು

೧೯೩೮ರಲ್ಲಿ ನಾನು ಹುಬ್ಬಳ್ಳಿಯ ಒಂದು ಮೋಟಾರ್ ಗ್ಯಾರೇಜಿನಲ್ಲಿ ಹೆಡ್ ಮಿಸ್ತ್ರಿಯಾಗಿದ್ದೆ. ಊರಲ್ಲಿ ಕಾರುಗಳೇ ಕಡಿಮೆ, ಇಂಜಿನ್ ಬಿಚ್ಚಿ ಮತ್ತೆ ಜೋಡಿಸಬಲ್ಲವರು ಇನ್ನೂ ಕಡಿಮೆ. ಹಾಗಾಗಿ ನನ್ನ ಮಾತಿಗೆ ಬೆಲೆಯಿತ್ತು, ಜೊತೆಗೆ ನನಗೆ ಒಂದಿಷ್ಟು ಸೊಕ್ಕೂ ಇತ್ತು.

ಹತ್ತಿ ವ್ಯಾಪಾರಿ ಗುರುಶಾಂತಪ್ಪ ಸಾವಕಾರರು ಆ ವರ್ಷ ಊರು ಬಿಟ್ಟು ಹೊರಟ ಇಂಗ್ಲಿಷ್ ಸಾಹೇಬರೊಬ್ಬರ ಕಾರನ್ನು ಕೊಂಡಿದ್ದರು. ಅದರಲ್ಲಿ ಗಾಡಿಯ ವೇಗ ತೋರಿಸುವ ಸ್ಪೀಡೋಮೀಟರಿನ ಪಕ್ಕದಲ್ಲಿ ಇನ್ನೊಂದು ಮೀಟರ್ ಇತ್ತು. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಟ್ಯಾಕೋಮೀಟರ್ ಅದು. ಇಂಜಿನ್ನಿಗೆ ನಾನೇ ಲೋಹ ಕರಗಿಸಿ ಹೊಸ ಬೇರಿಂಗ್ ಎರೆದು ಕೂರಿಸಿದ್ದೆ. ಅದು ಹದಕ್ಕೆ ಬರಲು ಮೊದಲ ಐನೂರು ಮೈಲು ಮುಳ್ಳು ಎರಡು ಸಾವಿರ ದಾಟಕೂಡದೆಂದು ಸಾವಕಾರರಿಗೂ ಅವರ ಡ್ರೈವರ್ ನಿಂಗಪ್ಪನವರಿಗೂ ತಾಕೀತು ಮಾಡಿದೆ. ನಿಂಗಪ್ಪ ನನಗಿಂತ ಹಿರಿಯರು, ಹದಿನೈದು ವರ್ಷ ಸ್ಟೇರಿಂಗ್ ಹಿಡಿದವರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

ಅಷ್ಟರಲ್ಲಿ ದಸರೆ ಬಂತು. ನಮ್ಮ ಗ್ಯಾರೇಜಿನಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೆ ಮುಸಲ್ಮಾನರು. ಆದರೂ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯೆಂದರೆ ಎಲ್ಲರಿಗೂ ಹಬ್ಬವೇ. ಹಿಂದಿನ ದಿನ ಗಿರಾಕಿಗಳ ಗಾಡಿಗಳನ್ನು ತೊಳೆದು, ತಿರುಗುವ ಭಾಗಕ್ಕೆಲ್ಲ ಕೈತುಂಬಾ ಎಣ್ಣೆ ಬಿಡುವುದು ನಮಗೆ ಕೆಲಸ ಕಲಿಸಿದ ಉಸ್ತಾದರು ಹಾಕಿಕೊಟ್ಟ ಪದ್ಧತಿ. ಆ ಹುಮ್ಮಸ್ಸಿನಲ್ಲಿ ನಾನು ಸಾವಕಾರರ ಕಾರಿನ ಇಂಜಿನ್ನಿನಿಂದ ಟ್ಯಾಕೋಮೀಟರಿಗೆ ಹೋಗುವ ಕೇಬಲ್ಲಿಗೂ ಧಾರಾಳವಾಗಿ ಎಣ್ಣೆ ಕುಡಿಸಿದೆ.

ಹತ್ತು ದಿನಕ್ಕೆ ಕಾರು ವಾಪಸು ಬಂತು. ಬೇರಿಂಗ್ ಬಡಿಯುತ್ತಿತ್ತು. ಸಾವಕಾರರು ಕೆಂಡವಾಗಿದ್ದರು. ಮುಳ್ಳು ಮೂರು ಸಾವಿರದ ಮೇಲೆ ನಿಂತಿದ್ದನ್ನು ತಾವೇ ಕಣ್ಣಾರೆ ಕಂಡಿದ್ದಾಗಿ ಹೇಳಿದರು. ನಿಂಗಪ್ಪನವರು ಗಾಬರಿಯಾಗಲಿಲ್ಲ.

"ಮುಳ್ಳು ಸುಳ್ಳು ಹೇಳಾಕತ್ತೈತ್ರಿ. ಆ ಹೊತ್ತಿನ್ಯಾಗ ಸ್ಪೀಡು ಬರೀ ಮೂವತ್ತಿತ್ತು. ಇಂಜಿನ್ ದನಿ ನನಗ ಗೊತ್ತಿಲ್ಲೇನ್ರಿ?"

ಆ ಗಾಡಿ ಟಾಪ್, ಅಂದರೆ ನಾಲ್ಕನೇ ಗೇರಿನಲ್ಲಿ ಗಂಟೆಗೆ ಮೂವತ್ತು ಮೈಲು ಓಡುವಾಗ ಇಂಜಿನ್ ಎರಡು ಸಾವಿರ ಸುತ್ತು ತಿರುಗಬೇಕು. ಅದೇ ವೇಗಕ್ಕೆ ಥರ್ಡ್ ಗೇರಿನಲ್ಲಾದರೆ ಮೂರು ಸಾವಿರ. ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಕೇಬಲ್ಲಿನ ಕೆಳತುದಿ ಬಿಚ್ಚಿ ಕೈಯಿಂದ ತಿರುಗಿಸಿದೆ. ಮುಳ್ಳು ಏರಿತು, ಬಿಟ್ಟಾಗ ಸೊನ್ನೆಗೆ ಇಳಿಯಿತು. ಅಷ್ಟಕ್ಕೇ ತೀರ್ಪು ಕೊಟ್ಟುಬಿಟ್ಟೆ.

"ಮೀಟರ್ ಬರೋಬ್ಬರಿ ಐತ್ರಿ ಸಾವಕಾರ್ರ. ಕಾಕಾ, ನೀವು ಟಾಪಿಗೆ ಹಾಕದ ಥರ್ಡಿನ್ಯಾಗ ಹೊಡದೀರಿ."

ಗೇರು ಹಾಕಲು ಬಾರದವ ಎಂಬ ಮಾತು ಡ್ರೈವರನಿಗೆ ಎಂಥದ್ದೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಖರೇ ಹೇಳಬೇಕೆಂದರೆ, ತಪ್ಪು ಅವರದಾದರೆ ನನ್ನ ಬೇರಿಂಗಿನ ಕೆಲಸ ಬಚಾವಾಗುತ್ತಿತ್ತು. ಸಾವಕಾರರು ಅಲ್ಲೇ ಅವರ ಕೈಯಿಂದ ಚಾವಿ ಇಸಿದುಕೊಂಡರು.

ಇಪ್ಪತ್ತು ದಿನದಲ್ಲಿ ಬೇರಿಂಗನ್ನು ಮತ್ತೆ ಎರೆದು, ಟ್ರಯಲ್ಲಿಗೆಂದು ನಾನೇ ಧಾರವಾಡದ ರಸ್ತೆ ಹಿಡಿದೆ. ಉಣಕಲ್ಲಿನ ಹತ್ತಿರ ಟಾಪ್ ಗೇರ್, ವೇಗ ಮೂವತ್ತು, ಮುಳ್ಳು ಮಾತ್ರ ಮೂರು ಸಾವಿರದ ಮೇಲೆ. ಗೇರಿನ ಕೋಲನ್ನು ಕೈಯಿಂದ ಮುಟ್ಟಿ ನೋಡಿದೆ. ಟಾಪಿನಲ್ಲೇ ಇತ್ತು. ಅಲ್ಲಿಂದಲೇ ಗಾಡಿ ತಿರುಗಿಸಿದೆ.

ಗ್ಯಾರೇಜಿಗೆ ಬಂದು ಮೀಟರಿನ ಗಾಜು ತೆಗೆದೆ. ಒಳಗೆ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದು ಮುಟ್ಟದೆಯೇ ಪಕ್ಕದ ತೆಳು ಬಟ್ಟಲನ್ನೂ ಮುಳ್ಳನ್ನೂ ಎಳೆಯುತ್ತದೆ. ನಾನು ಕುಡಿಸಿದ ಎಣ್ಣೆ ಕೇಬಲ್ಲಿನ ಸುರುಳಿ ಹಿಡಿದು ಮೇಲೇರಿ ಆ ಎರಡರ ನಡುವೆ ಅಂಟಾಗಿ ಕೂತಿತ್ತು. ಹಾಗಾಗಿ ಬಟ್ಟಲು ಬೇಕಾದ್ದಕ್ಕಿಂತ ಹೆಚ್ಚು ಎಳೆಸಿಕೊಂಡು ಮುಳ್ಳನ್ನು ಮೇಲೇರಿಸುತ್ತಿತ್ತು. ಅಂದರೆ ಇಂಜಿನ್ ಓಡಿದ್ದು ಎರಡು ಸಾವಿರದಲ್ಲೇ. ಬೇರಿಂಗ್ ಹೋಗಿದ್ದು ನನ್ನ ಕೆಲಸದ ಐಬಿನಿಂದಲೇ.

ಅದೇ ದಿನ ಸಾವಕಾರರ ಎದುರು ಎಲ್ಲ ಒಪ್ಪಿಕೊಂಡೆ. ಅವರು ನಿಂಗಪ್ಪನವರನ್ನು ಕರೆತರಲು ನನ್ನನ್ನೇ ಕಳಿಸಿದರು. ಇಂಜಿನ್ ಕೆಡಿಸಿದವನೆಂಬ ಸುದ್ದಿ ಆಗಲೇ ಊರೆಲ್ಲ ಹಬ್ಬಿ, ಯಾರೂ ಅವರ ಕೈಗೆ ಗಾಡಿ ಕೊಟ್ಟಿರಲಿಲ್ಲ. ಹತ್ತಿ ಒತ್ತಿ ಮೂಟೆ ಕಟ್ಟುವ ಪ್ರೆಸ್ಸಿನಲ್ಲಿ ಅಂಡಿಗೆ ಹೊರುತ್ತಿದ್ದರು. ನಾನು ಕೈಮುಗಿದು ತಪ್ಪು ಹೇಳಿಕೊಂಡೆ. ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಎಣ್ಣಿ ಹಾಕಿದ್ದು ಇರಲಿ ಬಿಡೋ ತಮ್ಮಾ, ಅದು ಯಾರಿಗಾದರೂ ಆಗ್ತೈತಿ. ನನ್ನ ಬಾಜೂಕ ಕುಂತು ಒಂದ್ಸಲ ಉಣಕಲ್ ತನಕ ಬರಬೇಕಿತ್ತು ನೀ."

ಸಾವಕಾರರ ಕೆಲಸಕ್ಕೆ ಅವರು ಮರಳಿ ಬರಲಿಲ್ಲ. ಮತ್ತೆಂದೂ ಯಾರ ಸ್ಟೇರಿಂಗನ್ನೂ ಹಿಡಿಯಲಿಲ್ಲ.

ಆಮೇಲೆ ನಾನು ಕೇಬಲ್ಲಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದೆ. ಕೆಳಭಾಗಕ್ಕೆ ಚೂರು ಗ್ರೀಸು ಸವರಿ ಮೇಲಿನ ಗೇಣುದ್ದವನ್ನು ಒಣದಾಗಿಯೇ ಬಿಡುತ್ತಿದ್ದೆ. ಮೀಟರಿನ ಮೇಲೆ ಯಾರು ದೂರು ತಂದರೂ ಮೊದಲು ಡ್ರೈವರನ ಪಕ್ಕ ಕೂತು ರಸ್ತೆಗಿಳಿಯುತ್ತಿದ್ದೆ. ಗ್ಯಾರೇಜಿನಿಂದ ಉಣಕಲ್ಲಿಗೆ ಹೋಗಿಬರಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಅಂದು ನನ್ನ ಬಳಿ ಇತ್ತು.