ಮುಂದೆ ಹಾಕುವ ಗುಳಿಗೆ

ರೇಡಿಯೊದಲ್ಲಿ ಪ್ರದೇಶ ಸಮಾಚಾರ ಮುಗಿಯುವ ಹೊತ್ತಿಗೆ ನಾನು ಎಂದಿನಂತೆ ದೋಸೆ ಎರೆಯುತ್ತಿದ್ದೆ. ಅತ್ತೆ ನನ್ನ ಕಾಫಿ ಲೋಟದ ಪಕ್ಕ ಒಂದು ಗುಳಿಗೆ ಇಟ್ಟು, "ಶುಕ್ರವಾರ ಸತ್ಯನಾರಾಯಣ ಕಥೆ ಇದ್ದು, ಮರೆಯಡ" ಎಂದರು. ಮುಟ್ಟನ್ನು ಮುಂದೆ ಹಾಕುವ ಗುಳಿಗೆ ಅದು. ಮನೆಯಲ್ಲಿ ಪೂಜೆ ಬಂದಾಗಲೆಲ್ಲ ನುಂಗುತ್ತಿದ್ದೆ. ಅಂದು ಶಿರಸಿಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಕೆಲವು ತಿಂಗಳಿಂದ ಮುಟ್ಟು ಬಂದರೆ ನಿಲ್ಲುತ್ತಿರಲಿಲ್ಲ, ನಿಂತರೆ ಬರುತ್ತಿರಲಿಲ್ಲ. ನಿದ್ದೆ ಇಲ್ಲ, ಕೂತಲ್ಲಿ ಕೂರಲಾಗದ ಚಡಪಡಿಕೆ. ಹಾರ್ಮೋನು ಏರುಪೇರಾಗಿದೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿತ್ತು.

ಶಿರಸಿಯ ಆಯುರ್ವೇದ ಡಾಕ್ಟರಮ್ಮ ನಾಡಿ ಹಿಡಿದು ಕೇಳಿದ ಮೊದಲ ಪ್ರಶ್ನೆಗೇ ಬೆಚ್ಚಿದೆ. "ತಂಗೀ, ನಿಮ್ಮನೇಲಿ ಪೂಜೆ ರಾಶಿ ಇರ್ತಾ?"

ಕರವಸ್ತ್ರ ಬಿಚ್ಚಿ ಗುಳಿಗೆಯನ್ನು ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. "ಕಷಾಯ ಕೊಡ್ತೆ. ಊಟ, ನಿದ್ದೆ ಹೊತ್ತಿಗೆ ಸರಿಯಾಗಿ ಆಗ್ಬೇಕು. ಆದ್ರೆ ಪೂಜೆ ಬಂದಾಗೆಲ್ಲ ಇದನ್ನ ನುಂಗ್ತಾ ಇದ್ರೆ ಎನ್ನ ಕಷಾಯ ಎಂತ ಮಾಡ್ತು?"

ಮನೆಗೆ ಬಂದವಳೇ, "ಅತ್ತೆ, ಶುಕ್ರವಾರ ಹೊರಗಾದ್ರೆ ಆಗ್ಲಿ. ಆನು ನುಂಗ್ತ್ನಿಲ್ಲೆ" ಎಂದೆ. ಅತ್ತೆಯ ಕೈಯಲ್ಲಿದ್ದ ಪಾತ್ರೆಗಳ ಸದ್ದು ಜೋರಾಯಿತು.

ಸಂಜೆಯಾದರೂ ಒಂದು ಕಡೆ ನಿಲ್ಲಲಾಗದೆ ಅಂಗಳಕ್ಕೂ ಅಡುಗೆಮನೆಗೂ ತಿರುಗುತ್ತಿದ್ದೆ. ಹೇಳಿದ್ದು ಸರಿಯೇ ಎಂದು ಅನ್ನಿಸಿದರೂ ಎದೆ ಹಗುರಾಗಿರಲಿಲ್ಲ. ಬೇಲಿಯಾಚೆ, ಹೈಸ್ಕೂಲು ಓದುವ ಮಗಳ ಜಡೆ ಹೆಣೆಯುತ್ತಿದ್ದ ಪಕ್ಕದ ಮನೆಯ ಅಕ್ಕ ತಲೆ ಎತ್ತದೆಯೇ ಹೇಳಿದರು: "ನೀ ಗುಳಿಗೆ ಬಿಟ್ಟಿದ್ದು ನಿಮ್ಮತ್ತೆಯಿಂದ ಗೊತ್ತಾತು. ಉಳಿದಿದ್ದು ಇತ್ಲಾಗಿ ಕೊಡೇ, ಈ ಕೂಸಿಗಾತು. ಶುಕ್ರವಾರ ನಿಮ್ಮನೆ ಪೂಜೆಗೆ ಬರಬೇಕಲೇ!"